38ನೇ ರಸ್ತೆಯ ಚಾರ್ಲಿ ವಿಗ್ಗಿನ್ಸ್

ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಮಗನ ಮನೆಯಲ್ಲಿ ಹತ್ತು ದಿನ ಇದ್ದೆ. ಎಲ್ಲರೂ ನೋಡುವ ಸ್ಪೀಡ್‌ವೇ, ಅಂದರೆ ಇಂಡಿ 500 ಕಾರ್ ರೇಸ್ ನಡೆಯುವ ಟ್ರ್ಯಾಕು, ನಾನೂ ನೋಡಿದೆ. ದೊಡ್ಡದು, ಚೆನ್ನಾಗಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು 38ನೇ ರಸ್ತೆಯ ಫೇರ್‌ಗ್ರೌಂಡ್ಸ್ ಅನ್ನುವ ಜಾತ್ರೆ ಮೈದಾನದ ಮಣ್ಣಿನ ಟ್ರ್ಯಾಕು. ಒಂದು ಸುತ್ತಿಗೆ ಒಂದು ಮೈಲಿ. ರೇಸ್ ಡ್ರೈವರ್ ಚಾರ್ಲಿ ವಿಗ್ಗಿನ್ಸ್ ಗಾಡಿ ಓಡಿಸಿದ್ದು ಇಲ್ಲಿ.

ಅವರು 1897ರಲ್ಲಿ ಇವಾನ್ಸ್‌ವಿಲ್‌ನಲ್ಲಿ ಹುಟ್ಟಿದವರು. ಗ್ಯಾರೇಜ್ ಎದುರು ಬೂಟ್ ಪಾಲಿಶ್ ಮಾಡುತ್ತಿದ್ದ ಹುಡುಗ, ಅದೇ ಗ್ಯಾರೇಜಿನೊಳಗೆ ಹೋಗಿ ಕೆಲಸ ಕಲಿತರು. ಮುಂದೆ ರೇಸ್ ಕಾರನ್ನೇ ಕಟ್ಟಿದರು. ಕಪ್ಪು ಜನ ಅನ್ನುವ ಕಾರಣಕ್ಕೆ ಇಂಡಿ 500ರಲ್ಲಿ ಓಡಿಸಲು ಬಿಡಲಿಲ್ಲ. ಅಂಥ ಡ್ರೈವರ್‌ಗಳಿಗಾಗಿ 1924ರಲ್ಲಿ ಇಲ್ಲಿ 100 ಮೈಲಿಯ ಗೋಲ್ಡ್ ಅಂಡ್ ಗ್ಲೋರಿ ರೇಸ್ ಶುರುವಾಯಿತು. ವಿಗ್ಗಿನ್ಸ್ ಅದನ್ನು ನಾಲ್ಕು ಸಲ ಗೆದ್ದರು. ದಾವಣಗೆರೆಯಲ್ಲಿ ಮೂವತ್ತು ವರ್ಷ ಗ್ಯಾರೇಜ್ ನಡೆಸಿದವನು ನಾನು. ತಾನೇ ಕಟ್ಟಿದ ಗಾಡಿಯಲ್ಲಿ ತಾನೇ ಗೆಲ್ಲುವುದು ಎಂಥ ಕೆಲಸ ಅಂತ ನನಗೆ ಗೊತ್ತು.

ಬೇಲಿ ಹಿಡಿದು ಮಗ ಕೇಳಿದ, "ಇಂಡಿ 500 ಒಳಗೆ ಕಾಲಿಡಲೇ ಇಲ್ವಾ ಅಪ್ಪಾ?"

"ಇಟ್ಟರು ಕಣೋ. 1934ರಲ್ಲಿ ಬಿಲ್ ಕಮಿಂಗ್ಸ್ ಅನ್ನೋ ಡ್ರೈವರ್‌ನ ಕಾರು ರೆಡಿ ಮಾಡೋಕೆ. ಹಗಲು ಕಸ ಗುಡಿಸೋನ ವೇಷ, ರಾತ್ರಿ ಇಂಜಿನ್ ಕೆಲಸ. ಆ ವರ್ಷ ಆ ಕಾರೇ ಗೆದ್ದಿತು."

"ಆಮೇಲೆ?"

"1936ರಲ್ಲಿ ಇದೇ ಟ್ರ್ಯಾಕಲ್ಲಿ 13 ಕಾರು ಗುದ್ದಿಕೊಂಡವು. ಇವರ ಕಾಲು ಹೋಯ್ತು. ಮರದ ಕಾಲು ತಾವೇ ಮಾಡ್ಕೊಂಡ್ರು. ಮತ್ತೆ ಹುಡುಗರಿಗೆ ಕೆಲಸ ಕಲಿಸ್ತಾ ಕೂತ್ರು."

ಮಗ ಸುಮಾರು ಹೊತ್ತು ಮಾತಾಡಲಿಲ್ಲ.

ಮರುದಿನ ಒಬ್ಬನೇ ವಿಗ್ಗಿನ್ಸ್ ಸಮಾಧಿ ಇರುವ ಕ್ರೌನ್ ಹಿಲ್ ಸ್ಮಶಾನಕ್ಕೆ ಹೋದೆ. ಅದೂ 38ನೇ ರಸ್ತೆಯಲ್ಲೇ ಇದೆ. ರಸ್ತೆ ಅದನ್ನು ಎರಡು ಭಾಗ ಮಾಡಿದೆ. ಟ್ಯಾಕ್ಸಿಯವನು ಬೇರೆ ಭಾಗದಲ್ಲಿ ಇಳಿಸಿ ಹೊರಟೇಹೋದ. ಒಂದೂವರೆ ಗಂಟೆ ಬಿಸಿಲಲ್ಲಿ ಅಲೆದೆ. ಈಗಲೂ ಹೊಟ್ಟೆ ಉರಿಯುತ್ತದೆ. ನೀವು ಹೋದರೆ ಸಮಾಧಿ ಯಾವ ಸೆಕ್ಷನ್‌ನಲ್ಲಿದೆ ಅಂತ ಮೊದಲೇ ಬರೆದುಕೊಳ್ಳಿ, ನೀರಿನ ಬಾಟಲಿ ಬಿಡಬೇಡಿ. ಜಾಗ 500 ಎಕರೆಗಿಂತ ಜಾಸ್ತಿ.

ವಿಗ್ಗಿನ್ಸ್ ತೀರಿಕೊಂಡದ್ದು 1979ರಲ್ಲಿ. ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 2003ರಲ್ಲಿ. 24 ವರ್ಷ ಬರೀ ಹುಲ್ಲು! ಕಲ್ಲಿನ ಅಂಚಿನಲ್ಲಿ ಬೆಳೆದಿದ್ದ ಹುಲ್ಲನ್ನು ಕೂತು ಕಿತ್ತೆ. ಫೋಟೋ ತೆಗೆದು, ಕಥೆಯನ್ನೂ ಹೇಳಿ, ನಮ್ಮ ಗ್ಯಾರೇಜಿನ ಹುಡುಗನಿಗೆ ಕಳಿಸಿದೆ. ರಾತ್ರಿ ಅವನ ಮೆಸೇಜ್ ಬಂತು: "ಆ ಕಾಲಿಗೆ ಯಾವ ಮರ ಹಾಕಿದ್ರು ಸಾರ್?"