65280

ಭಾನುವಾರ ರಾತ್ರಿ ಹತ್ತೂವರೆಗೆ ಫೋನ್ ಬಂತು. "ಸಾರ್, ಡೇಟಾಬೇಸ್ ನಿಂತುಹೋಗಿದೆ, ಡಿಸ್ಕ್ ಫುಲ್ ಅಂತ ತೋರಿಸ್ತಿದೆ." ನನಗೆ ನಂಬಿಕೆಯೇ ಬರಲಿಲ್ಲ. ಯಾಕಂದ್ರೆ ಅವತ್ತೇ ಬೆಳಿಗ್ಗೆ ಆರಕ್ಕೆ ಡಿಸ್ಕ್ ಎಷ್ಟು ತುಂಬಿದೆ ಅಂತ ನೋಡಲು ಪರ್ಲ್ ಭಾಷೆಯಲ್ಲಿ ಬರೆದ ನನ್ನ ಸ್ಕ್ರಿಪ್ಟ್ 42 ಸರ್ವರ್‌ಗಳನ್ನೂ ಸುತ್ತಿ ಬಂದು, ಆ ಸರ್ವರ್ ಹೆಸರಿನ ಮುಂದೆ "ಸರಿ ಇದೆ" ಅಂತ ಬರೆದಿತ್ತು.

ಸ್ಕ್ರಿಪ್ಟ್ ದೊಡ್ಡದೇನಲ್ಲ. ಫೈಲ್‌ನಿಂದ ಸರ್ವರ್ ಹೆಸರು ಓದುತ್ತದೆ, ಬ್ಯಾಕ್‌ಟಿಕ್ (ಹೊರಗಿನ ಕಮಾಂಡ್ ಓಡಿಸಿ ಅದರ ಉತ್ತರ ಹಿಡಿಯುವ ಗುರುತು) ಒಳಗೆ, ದೂರದ ಮಷೀನ್‌ಗೆ ಸುರಕ್ಷಿತವಾಗಿ ಹೊಗಿಸುವ ಎಸ್‌ಎಸ್‌ಎಚ್ ಕರೆದು, ಅಲ್ಲಿ ಡಿಸ್ಕ್ ಲೆಕ್ಕ ಕೊಡುವ ಡಿಎಫ್ ಓಡಿಸುತ್ತದೆ, 90 ಪರ್ಸೆಂಟ್ ದಾಟಿದ ಸಾಲು ಕಂಡರೆ ಎಚ್ಚರಿಸುತ್ತದೆ, ಕಾಣದಿದ್ದರೆ ಸರಿ ಇದೆ ಅನ್ನುತ್ತದೆ. ಬರೆಯುವಾಗ ಒದ್ದಾಡಿದ್ದು ಒಂದೇ ಕಡೆ. ಸಾಲಿನಿಂದ ಬೇಕಾದ ಕಾಲಂ ಆರಿಸುವ ಆಕ್ ಕಮಾಂಡ್‌ಗೆ ಹೋಗಬೇಕಾದ $5 (ಐದನೇ ಕಾಲಂ) ಅನ್ನು ಪರ್ಲ್ ತನ್ನದೇ ವೇರಿಯಬಲ್ ಅಂದುಕೊಂಡು ಖಾಲಿ ಮಾಡಿ ಕಳಿಸುತ್ತಿತ್ತು. ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿದೆ, ಸರಿಹೋಯಿತು.

ಸರ್ವರ್‌ನ ನೇರ ಕನ್ಸೋಲ್‌ನಿಂದ ಹಳೆ ಲಾಗ್ ಅಳಿಸಿ ಡೇಟಾಬೇಸ್ ಎಬ್ಬಿಸಿದ ಮೇಲೆ, ಸ್ಕ್ರಿಪ್ಟ್ ಇರುವ ಮಷೀನ್‌ನಿಂದ ಅದೇ ಸರ್ವರ್‌ಗೆ ನಾನೇ ಎಸ್‌ಎಸ್‌ಎಚ್ ಮಾಡಿ ನೋಡಿದೆ. ಸ್ಕ್ರೀನ್ ತುಂಬಾ @ ಗುರುತುಗಳ ಎಚ್ಚರಿಕೆ: ಹೋಸ್ಟ್ ಕೀ, ಅಂದರೆ ಸರ್ವರ್‌ನ ಗುರುತಿನ ಕೀ, ಬದಲಾಗಿದೆ. ಹೌದಲ್ವಾ, ಹಿಂದಿನ ವಾರವಷ್ಟೇ ಅದಕ್ಕೆ ಹೊಸದಾಗಿ ಓಎಸ್ ಹಾಕಿದ್ದರು, ಕೀಯೂ ಹೊಸದಾಗಿತ್ತು! ಅವತ್ತಿನಿಂದ ಎಸ್‌ಎಸ್‌ಎಚ್ ಒಳಗೇ ಹೋಗಿಲ್ಲ. ಬ್ಯಾಕ್‌ಟಿಕ್ ಹಿಡಿಯುವುದು ಎಸ್‌ಟಿಡಿಔಟ್ (ಕಮಾಂಡ್‌ನ ಮಾಮೂಲಿ ಉತ್ತರ) ಮಾತ್ರ, ಈ ಬೈಗುಳವೆಲ್ಲ ಎಸ್‌ಟಿಡಿಎರರ್‌ನಲ್ಲಿ (ತಪ್ಪುಗಳಿಗೆಂದೇ ಇರುವ ಬೇರೆ ದಾರಿ) ಬಂದು, ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸುವ ಕ್ರಾನ್‌ನ ಯಾರೂ ತೆರೆಯದ ಮೇಲ್‌ಬಾಕ್ಸ್‌ಗೆ ಬಿದ್ದಿತ್ತು. ಸ್ಕ್ರಿಪ್ಟ್‌ಗೆ ಸಿಕ್ಕಿದ್ದು ಖಾಲಿ ಉತ್ತರ. ಖಾಲಿ ಅಂದರೆ ಸರಿ ಇದೆ ಅಂತ ಹೇಳಿಕೊಟ್ಟವನು ನಾನೇ.

ಕಮಾಂಡ್ ಹೇಗೆ ಮುಗಿಯಿತು ಅಂತ ಪರ್ಲ್ ಬರೆದಿಡುವ $? ಅನ್ನು ಪ್ರಿಂಟ್ ಮಾಡಿ ನೋಡಿದೆ. 65280. ಎಂಟು ಬಿಟ್ ಬಲಕ್ಕೆ ಸರಿಸಿದರೆ, ಅಂದರೆ 256ರಿಂದ ಭಾಗಿಸಿದರೆ, 255. ಅದೇ ಎಕ್ಸಿಟ್ ಕೋಡ್, ಕಮಾಂಡ್ ಮುಗಿಯುವಾಗ ಕೊಡುವ ಸಂಖ್ಯೆ. ಆ ಕಡೆಯ ಕಮಾಂಡ್ ಯಾವ ಎಕ್ಸಿಟ್ ಕೋಡ್ ಕೊಟ್ಟರೂ ಎಸ್‌ಎಸ್‌ಎಚ್ ಅದನ್ನೇ ತಂದುಕೊಡುತ್ತದೆ. ತನಗೇ ತೊಂದರೆಯಾದರೆ 255 ಅನ್ನುತ್ತದೆ. ಇಷ್ಟು ದಿನವೂ ಅದು ಹೇಳುತ್ತಲೇ ಇತ್ತು, ಕೇಳುವ ಸಾಲನ್ನು ನಾನು ಬರೆದಿರಲಿಲ್ಲ.

ಹೋಸ್ಟ್ ಕೀ ಪರೀಕ್ಷೆಯನ್ನೇ ಆಫ್ ಮಾಡಿಬಿಡಿ ಅಂದರು ಗೆಳೆಯರೊಬ್ಬರು. ನಾನು ಒಪ್ಪಲಿಲ್ಲ. 1995ರಲ್ಲಿ ಟಾಟು ಯುಲೊನೆನ್ ಎಸ್‌ಎಸ್‌ಎಚ್ ಬರೆದದ್ದೇ ತಾವಿದ್ದ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್ ಕದ್ದಿದ್ದರಿಂದ. ಆ ಕಾವಲನ್ನು ಸುಮ್ನೆ ನನ್ನ ಅನುಕೂಲಕ್ಕೆ ತೆಗೆಯಲಾಗದು. ಕನ್ಸೋಲ್‌ನಲ್ಲಿ ಹೊಸ ಕೀಯ ಫಿಂಗರ್‌ಪ್ರಿಂಟ್ (ಅದರ ಚಿಕ್ಕ ಗುರುತು) ತಾಳೆ ನೋಡಿ, ಹಳೆ ಕೀ ತೆಗೆದು ಹೊಸದನ್ನು ಸೇರಿಸಿದೆ. ಸ್ಕ್ರಿಪ್ಟ್‌ನಲ್ಲಿ 255 ಬಂದರೆ "ಉತ್ತರ ಸಿಗಲಿಲ್ಲ" ಅಂತ ಬೇರೆಯಾಗಿ ಬರೆಯಿಸಿದೆ, ಕಾಯುವ ಹೊತ್ತು ಐದು ಸೆಕೆಂಡ್‌ಗೆ ಕಟ್ಟಿದೆ.

ರಾತ್ರಿ ಒಂದು ಗಂಟೆಗೆ ಮತ್ತೆ ಓಡಿಸಿದೆ. ಡೇಟಾಬೇಸ್ ಸರ್ವರ್ 61 ಪರ್ಸೆಂಟ್. ಅದರ ಕೆಳಗೆ, ಬೆಳಿಗ್ಗೆ "ಸರಿ ಇದೆ" ಅಂದಿದ್ದ ಇನ್ನೆರಡು ಹೆಸರುಗಳ ಮುಂದೆ "ಉತ್ತರ ಸಿಗಲಿಲ್ಲ" ಅಂತ ಬಂತು.