ನೊಣದ ಹುಳು ನೋಡಲು ಆಟ್ವೇ ಕಾಡಿಗೆ

ಮೆಲ್ಬರ್ನ್‌ಗೆ ಬಂದ ನೆಂಟರನ್ನು ಗ್ರೇಟ್ ಓಷನ್ ರೋಡಿಗೆ ಕರೆದುಕೊಂಡು ಹೋಗುವುದು ಅಲ್ಲಿನ ಕನ್ನಡಿಗರ ಮನೆಗಳಲ್ಲಿ ಒಂದು ಶಾಸ್ತ್ರ. ಬೆಳಗ್ಗೆ ಬೇಗ ಹೊರಡಬೇಕು, ಸಮುದ್ರದಲ್ಲಿ ನಿಂತ ಟ್ವೆಲ್ವ್ ಅಪಾಸಲ್ಸ್ ಬಂಡೆಗಳ ಮುಂದೆ ಫೋಟೋ ತೆಗೆಸಿಕೊಳ್ಳಬೇಕು, ಕತ್ತಲಾಗುವ ಮೊದಲು ವಾಪಸ್ ಹೊರಡಬೇಕು. ನನ್ನ ತಂಗಿಯ ಮಗ ಮಾತ್ರ ಈ ಸಲ ಒಪ್ಪಲಿಲ್ಲ. "ಮಾಮ, ಕತ್ತಲಾದ ಮೇಲೇ ಮಜಾ ಇರೋದು" ಅಂತ ಹಟ ಹಿಡಿದ. ಬಂಡೆಗಳನ್ನು ನೋಡಿ ಮುಗಿಸಿ, ಬಂದ ದಾರಿಯಲ್ಲೇ ತಿರುಗಿ, ಸಂಜೆಗೆ ಆಟ್ವೇ ಬೆಟ್ಟ ಹತ್ತಿದೆವು.

ಜೂನ್ ತಿಂಗಳು, ಅಲ್ಲಿ ಚಳಿಗಾಲ. ಐದು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದೇ ಒಳ್ಳೆಯ ಕಾಲ. ಬೇಸಿಗೆಯಲ್ಲಾದರೆ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ.

ಲಾವರ್ಸ್ ಹಿಲ್ ಎಂಬ ಪುಟ್ಟ ಊರು ಸಿಗುವುದಕ್ಕೆ ಸ್ವಲ್ಪ ಮೊದಲೇ ಮೆಲ್ಬಾ ಗಲ್ಲಿ ಎಂಬ ಕಣಿವೆ ಇದೆ. ಆಸ್ಟ್ರೇಲಿಯಾದ ಪ್ರಸಿದ್ಧ ಒಪೆರಾ ಗಾಯಕಿ ನೆಲ್ಲಿ ಮೆಲ್ಬಾ ಹೆಸರು ಇದಕ್ಕೆ. 2005ರಲ್ಲಿ ಆದ ಗ್ರೇಟ್ ಆಟ್ವೇ ರಾಷ್ಟ್ರೀಯ ಉದ್ಯಾನದೊಳಗೆ ಇದೂ ಸೇರಿಕೊಂಡಿದೆ. ವಿಕ್ಟೋರಿಯಾ ರಾಜ್ಯದಲ್ಲಿ ತುಂಬಾ ಮಳೆ ಬೀಳುವ ಜಾಗಗಳಲ್ಲಿ ಒಂದು. ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಅಂತಾರೆ. ಆಗುಂಬೆಯವರು ಕೇಳಿದರೆ ನಕ್ಕಾರು! ಆದರೆ ಒಣ ದೇಶ ಅಂತಲೇ ಹೆಸರಾದ ಆಸ್ಟ್ರೇಲಿಯಾಕ್ಕೆ ಅದು ಬಹಳ ಜಾಸ್ತಿ. ಮರದ ಕಾಂಡಗಳ ಮೇಲೆಲ್ಲ ಪಾಚಿ. ಆಳೆತ್ತರ ಮೀರಿ ಬೆಳೆದ ಜರೀಗಿಡಗಳು. ಕಾಲುದಾರಿ ಮೆಟ್ಟಿಲಿಳಿದು ಹಳ್ಳದ ಪಕ್ಕ ಹೋಗುತ್ತದೆ.

ಟಾರ್ಚಿಗೆ ಕೆಂಪು ಜಿಲೇಟಿನ್ ಪೇಪರ್ ಸುತ್ತಿಕೊಂಡು ಬಂದಿದ್ದ ನಮ್ಮ ಹುಡುಗ. ಮಣ್ಣು ಕೊರೆದು ಮಾಡಿದ ದಾರಿಯಲ್ಲಿ ಒಂದು ಕಡೆ ನಿಲ್ಲಿಸಿ, ಅದನ್ನೂ ಆರಿಸಿದ. ಮೊದಲು ಏನೂ ಇಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಒಂದು ಚುಕ್ಕಿ, ಅದರ ಪಕ್ಕ ಇನ್ನೊಂದು, ಆಮೇಲೆ ಇಡೀ ದರೆಯ ತುಂಬ. ನೀಲಿಗೆ ತುಸು ಹಸಿರು ಬೆರೆತ ಬೆಳಕು. ಮಿಂಚುಹುಳದಂತೆ ಹತ್ತಿ ಆರುವುದಿಲ್ಲ, ಒಂದೇ ಸಮ ಉರಿಯುತ್ತದೆ.

ಇದು ಮಿಂಚುಹುಳವೇ ಅಲ್ಲ. ಮಿಂಚುಹುಳ ಜೀರುಂಡೆಯ ಜಾತಿ. ಇದು ನೊಣದ ಮರಿಹುಳು, ಇಂಗ್ಲಿಷಿನಲ್ಲಿ ಫಂಗಸ್ ನ್ಯಾಟ್ ಅನ್ನುವ ಗುಂಪಿನದು. ಕುಂಡದ ಒದ್ದೆ ಮಣ್ಣಿನಿಂದ ಏಳುವ ಸಣ್ಣ ಕಪ್ಪು ನೊಣಗಳು ನಿಮಗೆ ಗೊತ್ತಲ್ವಾ? ಅವುಗಳ ದೂರದ ನೆಂಟರು. ಹೆಸರಿಗೆ ಶಿಲೀಂಧ್ರದ ನೊಣ, ಆದರೆ ಈ ಹುಳು ಅಣಬೆಯ ತಂಟೆಗೆ ಹೋಗುವುದಿಲ್ಲ. ಬೇಟೆಯಾಡುತ್ತದೆ.

ಕೆಂಪು ಬೆಳಕನ್ನು ಓರೆಯಾಗಿ ಹಿಡಿದು ಹತ್ತಿರದಿಂದ ನೋಡಿದೆ. ಬೇರಿನ ಕೆಳಗಿನ ಗೂಡಿನಲ್ಲಿ ಲೋಳೆಯ ಒಂದು ಕೊಳವೆ. ಅದರೊಳಗೆ ಬೆಂಕಿಕಡ್ಡಿಗಿಂತ ತೆಳ್ಳಗಿನ ಹುಳು. ಕೊಳವೆಯಿಂದ ಕೆಳಕ್ಕೆ ರೇಷ್ಮೆ ಎಳೆಗಳು ಇಳಿಬಿದ್ದಿವೆ. ಒಂದೊಂದು ಎಳೆಗೂ ಮಣಿ ಪೋಣಿಸಿದ ಹಾಗೆ ಅಂಟಿನ ಹನಿ. ಬೆಳಕಿಗೆ ಮರುಳಾಗಿ ಬಂದ ಪುಟ್ಟ ಕೀಟ ಅಂಟಿಗೆ ಸಿಕ್ಕಿಕೊಂಡರೆ, ಹುಳು ಎಳೆಯನ್ನು ಮೇಲಕ್ಕೆಳೆದು ತಿನ್ನುತ್ತದೆ. ಗುಹೆಯಲ್ಲಿರುವ ಜಾತಿಗಳ ಎಳೆ ಉದ್ದ ಇರುತ್ತದೆ. ಕಾಡಿನಲ್ಲಿ ಗಾಳಿಗೆ ಸಿಕ್ಕು ಬೀಳುತ್ತದಲ್ಲ, ಅದಕ್ಕೇ ಇಲ್ಲಿ ಗಿಡ್ಡ.

ಬೆಳಕು ಎಲ್ಲಿಂದ ಬರುತ್ತದೆ ಅಂತ ಹೇಳಿದರೆ ನಗುತ್ತೀರಿ. ನಮ್ಮಲ್ಲಿ ಕಿಡ್ನಿ ಮಾಡುವ ಕೆಲಸವನ್ನು ಕೀಟಗಳಲ್ಲಿ ಮಾಡುವುದು ಮಾಲ್ಪಿಘಿ ನಳಿಕೆಗಳು. ಈ ಹುಳುವಿನಲ್ಲಿ ಆ ನಳಿಕೆಗಳ ತುದಿಯೇ ದೀಪವಾಗಿದೆ. "ಅಂದ್ರೆ ಅದರ ಸೂಸು ಜಾಗ ಬೆಳಗುತ್ತೆ" ಎಂದು ಹುಡುಗ ಕತ್ತಲಲ್ಲಿ ನಕ್ಕಿದ್ದೇ ನಕ್ಕಿದ್ದು. ತಂಗಿ ಗದರಿದಳು.

ಅಷ್ಟರಲ್ಲಿ ಒಂದು ಗುಂಪು ಫೋನಿನ ಬೆಳಕು ಬಿಡುತ್ತಾ ಬಂತು. ಅವರು ಬೆಳಕು ಹಾಯಿಸಿದ ಕಡೆಯೆಲ್ಲ ಚುಕ್ಕಿಗಳು ಮಂಕಾದವು. ಅವರು "ಇಲ್ಲೇನೂ ಇಲ್ಲ" ಎಂದುಕೊಂಡು ಹೋದರು. ದರೆ ಮತ್ತೆ ಬೆಳಗಲು ಸುಮಾರು ಹೊತ್ತು ಹಿಡಿಯಿತು.

ನನಗೆ ಸೋಜಿಗ ಎನಿಸಿದ್ದು ಬೇರೆ. ಜನ ಇದನ್ನು ನೋಡುತ್ತಾ ಬಂದು ಎಷ್ಟೋ ಕಾಲವಾಗಿದೆ. ಆದರೆ ಇದು ಬೇರೆಯೇ ಜಾತಿ ಎಂದು ಹೆಸರು ಬಿದ್ದದ್ದು 2010ರಲ್ಲಿ. ಕ್ವೀನ್ಸ್‌ಲ್ಯಾಂಡಿನ ಸಂಶೋಧಕಿ ಕ್ಲೇರ್ ಬೇಕರ್ ಆ ವರ್ಷ ಒಂದೇ ಪ್ರಬಂಧದಲ್ಲಿ ಆಸ್ಟ್ರೇಲಿಯಾದ ಐದು ಹೊಸ ಜಾತಿಗಳನ್ನು ವಿವರಿಸಿದರು. ಆಟ್ವೇಯದು ಅರಾಕ್ನೋಕ್ಯಾಂಪಾ ಆಟ್ವೇಯೆನ್ಸಿಸ್. ಅದಕ್ಕೂ ಮೊದಲು ಈ ಕುಲದಲ್ಲಿ ಹೆಸರಿದ್ದದ್ದು ನಾಲ್ಕಕ್ಕೆ ಮಾತ್ರ: ನ್ಯೂಜಿಲೆಂಡಿನದು ಒಂದು, ಆಸ್ಟ್ರೇಲಿಯಾದವು ಮೂರು.

ಇಷ್ಟು ತಡವಾಗಲು ಕಾರಣ ಉಂಟು. ಮರಿಹುಳುಗಳು ನೋಡಲು ಹೆಚ್ಚುಕಡಿಮೆ ಒಂದೇ ಥರ. ಜಾತಿ ಗುರುತಿಸಲು ರೆಕ್ಕೆ ಬಂದ ನೊಣ ಬೇಕು. ಗಂಡಿನ ಜನನಾಂಗದ ಆಕಾರ ನೋಡಬೇಕು, ರೆಕ್ಕೆಯ ನರಗಳನ್ನು ನೋಡಬೇಕು. ಹುಳು ತಿಂಗಳುಗಟ್ಟಲೆ ಬದುಕಿದರೂ ನೊಣದ ಆಯಸ್ಸು ಕೆಲವೇ ದಿನ. ಅದು ಏನೂ ತಿನ್ನುವುದಿಲ್ಲ. ಕೂಡಿ, ಮೊಟ್ಟೆಯಿಟ್ಟು, ಸಾಯುತ್ತದೆ. ಕಾಡಿನಲ್ಲಿ ಅದನ್ನು ಹಿಡಿಯುವುದು ಸುಲಭವಲ್ಲ. ಡಿಎನ್‌ಎ ಹೋಲಿಸಿ ನೋಡುವ ಕಾಲ ಬಂದ ಮೇಲೆ ಒಂದೊಂದು ಬೆಟ್ಟದ್ದೂ ಬೇರೆ ಬೇರೆ ಎಂಬುದು ಗಟ್ಟಿಯಾಯಿತು.

ಬೇರೆ ಯಾಕಾದವು ಅನ್ನುವುದಕ್ಕೆ ಆ ಕಣಿವೆಯೇ ಉತ್ತರ. ಈ ಹುಳುವಿನ ಮೈ ಒಣಗಿದರೆ ಮುಗಿಯಿತು. ಸದಾ ತೇವ ಬೇಕು, ಗಾಳಿ ಬೀಸಬಾರದು. ಮೊಟ್ಟೆ ಹೊತ್ತ ಹೆಣ್ಣು ನೊಣ ದೂರ ಹಾರಲಾರದು. ಆಸ್ಟ್ರೇಲಿಯಾ ಲಕ್ಷಾಂತರ ವರ್ಷಗಳಲ್ಲಿ ಒಣಗುತ್ತಾ ಬಂದ ಹಾಗೆ ಹಸಿ ಕಾಡು ಚೂರುಚೂರಾಗಿ ಇಂಥ ಕಣಿವೆಗಳಲ್ಲಿ ಉಳಿಯಿತು. ನಡುವಿನ ಒಣ ನೆಲ ಈ ನೊಣಕ್ಕೆ ಸಮುದ್ರವೇ. ಹೊಸದಾಗಿ ಹೆಸರಾದವುಗಳಲ್ಲಿ ಒಂದಂತೂ ವಿಕ್ಟೋರಿಯಾದ್ದೇ ಇನ್ನೊಂದು ಬೆಟ್ಟ ಮೌಂಟ್ ಬಫಲೋದ ಒಂದು ಗುಹೆಯಲ್ಲಿ ಮಾತ್ರ ಸಿಕ್ಕಿದೆ. ಆ ಗುಹೆಗೆ ಏನಾದರೂ ಆದರೆ? ಸುಮ್ನೆ ನೊಣ ಅಲ್ವಾ ಅನ್ನುವವರೂ ಇರುತ್ತಾರೆ. ನನಗೆ ಹಾಗನಿಸುವುದಿಲ್ಲ.

ಮೇಲೆ ಹತ್ತುವಾಗ ಕಾಲುದಾರಿಯಲ್ಲಿ ಹೊಳೆಯುವ ಕಪ್ಪು ಚಿಪ್ಪಿನ ಬಸವನಹುಳು ಸಿಕ್ಕಿತು. ಆಟ್ವೇಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ್ದು. ಅದು ಎಲೆ ತಿನ್ನುವುದಿಲ್ಲ, ಬೇರೆ ಬಸವನಹುಳುಗಳನ್ನು ತಿನ್ನುತ್ತದೆ. ಆ ಕಾಡಿನಲ್ಲಿ ಸಾಧು ಯಾರೂ ಇಲ್ಲ ಅಂತ ಕಾಣುತ್ತದೆ.

ಹೋಗುವವರಿಗೆ ಎರಡು ಮಾತು. ಸೊಳ್ಳೆ ಔಷಧಿ ಹಚ್ಚಿಕೊಂಡು ಹೋಗಬೇಡಿ, ದರೆ ಮುಟ್ಟಬೇಡಿ. ಜಾರದ ಚಪ್ಪಲಿ, ಬೆಚ್ಚನೆ ಕೋಟು ಇರಲಿ. ವಾಪಸ್ ಬರುವಾಗ ವಾಲಬಿಗಳು, ಅಂದರೆ ಪುಟ್ಟ ಕಾಂಗರೂಗಳಂಥ ಪ್ರಾಣಿಗಳು, ರಸ್ತೆಗೆ ನುಗ್ಗುತ್ತವೆ, ನಿಧಾನಕ್ಕೆ ಓಡಿಸಿ. ಊಟ ಕಟ್ಟಿಕೊಂಡೇ ಹೋಗುವುದು ವಾಸಿ. ರಾತ್ರಿ ಅಲ್ಲೆಲ್ಲೂ ತೆರೆದ ಅಂಗಡಿ ಕಾಣಲಿಲ್ಲ, ಕೋಲ್ಯಾಕ್ ಊರು ಸಿಗುವವರೆಗೂ ನಾವು ಚಕ್ಕುಲಿಯಲ್ಲೇ ಕಾಲ ಹಾಕಿದೆವು.