ಬಯೋಡಾಟಾದಲ್ಲಿ ಬರೆಯದೆ ಬಿಟ್ಟ ಒಂಬತ್ತು ವರ್ಷ

ಕಳೆದ ಭಾನುವಾರ ಪಕ್ಕದ ಮನೆಯ ಹುಡುಗಿ ತನ್ನ ಬಯೋಡಾಟಾ ಹಿಡಿದುಕೊಂಡು ಬಂದಿದ್ದಳು. ಬಿ.ಕಾಂ. ಮುಗಿಸಿ ವರ್ಷವಾಯಿತು, ಮಂಗಳೂರಿನ ಒಂದು ಕಚೇರಿಗೆ ಅರ್ಜಿ ಹಾಕಬೇಕಂತೆ. ಅಂಕಗಳನ್ನು ಬಿಟ್ಟರೆ ಉಳಿದದ್ದೆಲ್ಲ ಇಂಟರ್ನೆಟ್ಟಿನಿಂದ ಎತ್ತಿಕೊಂಡದ್ದು. ಟೀಮ್ ಪ್ಲೇಯರ್, ಹಾರ್ಡ್ ವರ್ಕಿಂಗ್, ಗುಡ್ ಕಮ್ಯುನಿಕೇಶನ್. "ಇದರಲ್ಲಿ ನೀನು ಎಲ್ಲಿದ್ದೀ ಮಾರಾಯ್ತಿ?" ಎಂದು ಕೇಳಿದೆ.

"ಬರೆಯಲಿಕ್ಕೆ ನನ್ನತ್ರ ಬೇರೆ ಎಂತ ಉಂಟು ಅಕ್ಕ? ನಾನು ಎಲ್ಲಿಯೂ ಕೆಲಸ ಮಾಡಿದವಳಲ್ಲ."

ಇದೇ ಮಾತನ್ನು 2021ರಲ್ಲಿ ನಾನೂ ಹೇಳಿದ್ದೆ. ಮಗ ಹುಟ್ಟಿದ ಮೇಲೆ ಕೆಲಸ ಬಿಟ್ಟು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಮನೆಯಲ್ಲಿ ಒಂಬತ್ತು ವರ್ಷ ಕಳೆದು, ಮತ್ತೆ ಹೊರಟ ಮೊದಲ ಸಂದರ್ಶನ ಅದು, ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ. "ಇಷ್ಟು ವರ್ಷ ಏನು ಮಾಡ್ತಾ ಇದ್ರಿ?" ಎಂದು ಕೇಳಿದರು. "ಎಂತದೂ ಇಲ್ಲ ಸರ್, ಮನೆಯಲ್ಲೇ ಇದ್ದೆ" ಎಂದೆ. ಐದು ನಿಮಿಷದಲ್ಲಿ ಹೊರಗೆ ಬಂದಿದ್ದೆ. ಬಸ್ಸು ರಾಜ್ಯದ ಗಡಿಯ ತಲಪಾಡಿ ದಾಟುವಾಗ, ಹಿಂದಿನ ವರ್ಷ ಮುಚ್ಚಿದ್ದ ಆ ರಸ್ತೆಯನ್ನು ಕಿಟಕಿಯಿಂದ ನೋಡಿದೆ. ನಾನು ಹೇಳಿದ್ದು ಸುಳ್ಳು ಎಂದು ಆಗ ಹೊಳೆಯಿತು.

ಆ ಒಂಬತ್ತರಲ್ಲಿ ಐದು ವರ್ಷ ನಾನು ನಮ್ಮ ಕುಟುಂಬಶ್ರೀ ಅಯಲ್‌ಕೂಟದ, ಅಂದರೆ ಕೇರಳದ ನೆರೆಹೊರೆಯ ಹೆಂಗಸರ ಉಳಿತಾಯ ಗುಂಪಿನ, ಕಾರ್ಯದರ್ಶಿಯಾಗಿದ್ದೆ. ನಾವು ಹದಿನಾಲ್ಕು ಮಂದಿ. ವಾರದ ಉಳಿತಾಯ, ಸಾಲದ ಕಂತು, ಮಿನಿಟ್ಸ್, ಬ್ಯಾಂಕಿನ ಕಾಗದ ಎಲ್ಲ ನನ್ನ ಕೈಯಲ್ಲಿ. ನಾನು ಕನ್ನಡ ಮಾಧ್ಯಮದಲ್ಲಿ ಕಲಿತವಳು, ಬರುವ ಫಾರ್ಮುಗಳೆಲ್ಲ ಮಲಯಾಳದಲ್ಲಿ. ಬಸ್ಸಿನ ಬೋರ್ಡು ಓದುವಷ್ಟೇ ಬರುತ್ತಿದ್ದ ಆ ಲಿಪಿಯನ್ನು ಫಾರ್ಮು ತುಂಬಿಸುತ್ತಾ ತುಂಬಿಸುತ್ತಾ ಕಲಿತೆ. ಮಲಯಾಳದ ಸುತ್ತೋಲೆ ಓದಿ ಕೆಲವರಿಗೆ ತುಳುವಿನಲ್ಲಿ, ಕೆಲವರಿಗೆ ಕನ್ನಡದಲ್ಲಿ ಹೇಳಬೇಕಿತ್ತು. ಒಮ್ಮೆ ಇಬ್ಬರು ಒಟ್ಟಿಗೆ ಸಾಲ ಕೇಳಿದರು. ಒಬ್ಬಳಿಗೆ ಮಳೆಗಾಲಕ್ಕೆ ಮೊದಲು ಮನೆಯ ಮಾಡು ಸರಿಮಾಡಿಸಬೇಕು, ಇನ್ನೊಬ್ಬಳಿಗೆ ದನ ತೆಗೆದುಕೊಳ್ಳಬೇಕು. ಇದ್ದ ಹಣ ಒಬ್ಬರಿಗೆ ಮಾತ್ರ ಸಾಕು. ಮಳೆ ಕಾಯುವುದಿಲ್ಲ, ದನಕ್ಕೆ ಎರಡು ತಿಂಗಳು ತಡೆಯಬಹುದು ಎಂದು ಎಲ್ಲರ ಎದುರು ಲೆಕ್ಕ ಇಟ್ಟು ಹೇಳಿದೆ. ದನ ಕೇಳಿದವಳು ಅಂದು ಮುಖ ಊದಿಸಿಕೊಂಡು ಹೋದಳು, ಮುಂದಿನ ವಾರ ತಾನಾಗಿ ಬಂದಳು.

ಆಮೇಲೆ 2020ರ ಮಾರ್ಚ್. ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಬಿತ್ತು. ಕಾಸರಗೋಡಿನ ನಮಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರೇ. ವೈದ್ಯರು ಅಲ್ಲಿ, ಎಷ್ಟೋ ಮದ್ದು ಸಿಗುವುದೂ ಅಲ್ಲಿಯೇ. ನಮ್ಮ ವಾರ್ಡಿನಲ್ಲಿ ಯಾರಿಗೆ ಯಾವ ಮದ್ದು ಬೇಕೆಂದು ಆಶಾ ಕಾರ್ಯಕರ್ತೆಯ ಜೊತೆ ಸೇರಿ ಪಟ್ಟಿ ಮಾಡಿದೆ. ಮಗನ ಹಳೆಯ ಲೆಕ್ಕದ ಪುಸ್ತಕದಲ್ಲಿ ಗೀಟು ಎಳೆದು ನಾಲ್ಕು ಕಾಲಂ ಮಾಡಿದೆ: ಹೆಸರು, ಮದ್ದು, ಎಷ್ಟು ದಿನಕ್ಕೆ ಉಳಿದಿದೆ, ಯಾವ ಭಾಷೆಯಲ್ಲಿ ಫೋನ್ ಮಾಡಬೇಕು. ಮೂರನೆಯ ಕಾಲಂ ನೋಡಿಯೇ ಯಾರದು ಮೊದಲು ಎಂದು ತೀರ್ಮಾನಿಸುತ್ತಿದ್ದದ್ದು. ಫಿಟ್ಸ್‌ನ ಮಾತ್ರೆ ಎರಡೇ ದಿನಕ್ಕೆ ಇದ್ದ ಹುಡುಗನ ಹೆಸರು ಎಲ್ಲರಿಗಿಂತ ಮೇಲೆ. ಅಗ್ನಿಶಾಮಕ ದಳದವರು ಮದ್ದು ತಲುಪಿಸುತ್ತಿದ್ದ ದಿನಗಳವು. ಅವರಿಗೆ ಕೊಡುವ ವಿವರದಲ್ಲಿ ಒಂದಕ್ಷರ ತಪ್ಪಿದರೂ ಬೇರೆಯೇ ಮದ್ದು ಬರುತ್ತಿತ್ತು, ಹಾಗಾಗಿ ಪ್ರತಿ ಹೆಸರನ್ನು ಚೀಟಿ ನೋಡಿ ಎರಡೆರಡು ಸಲ ಓದಿಸುತ್ತಿದ್ದೆ.

ಎರಡನೆಯ ಸಂದರ್ಶನಕ್ಕೆ, ಅದು ಬೇರೆ ಆಸ್ಪತ್ರೆ, ಆ ಪುಸ್ತಕವನ್ನೇ ತೆಗೆದುಕೊಂಡು ಹೋದೆ. ಎದುರು ಕೂತಿದ್ದ ಮೇಡಂ ಪುಟ ತಿರುಗಿಸಿ, "ಈ ನಾಲ್ಕನೇ ಕಾಲಂ ಯಾಕೆ?" ಎಂದು ಕೇಳಿದರು. ಹೆದರಿದ ಮನುಷ್ಯ ತನ್ನ ಮನೆಯ ಭಾಷೆಯಲ್ಲಿ ಮಾತ್ರ ಸರಿಯಾಗಿ ವಿಷಯ ಹೇಳುತ್ತಾನೆ ಮೇಡಂ ಎಂದೆ. ರಿಸೆಪ್ಷನ್ ಕೆಲಸ ಸಿಕ್ಕಿತು.

ಈಗ ಅಲ್ಲಿಗೆ ಹೊಸಬರನ್ನು ಆರಿಸುವಾಗ ನನ್ನನ್ನೂ ಕೂರಿಸುತ್ತಾರೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೊತ್ತೊಯ್ಯಬಹುದಾದ ಕೌಶಲ ಎನ್ನುತ್ತಾರಲ್ಲ, ಅದನ್ನು ಮೇಜಿನ ಈ ಬದಿಯಿಂದ ನೋಡಿದ್ದು ಆಗಲೇ. ವಿಶ್ವ ಆರ್ಥಿಕ ವೇದಿಕೆ 2025ರಲ್ಲಿ ಸಾವಿರಕ್ಕೂ ಹೆಚ್ಚು ಉದ್ಯೋಗದಾತರನ್ನು ಕೇಳಿ ಹೊರತಂದ ವರದಿಯಲ್ಲಿ ಮೊದಲ ಸ್ಥಾನ ವಿಶ್ಲೇಷಿಸಿ ಯೋಚಿಸುವ ಶಕ್ತಿಗೆ. ಹತ್ತರಲ್ಲಿ ಏಳು ಕಂಪನಿಗಳು ಅದು ಬೇಕೇ ಬೇಕು ಎಂದಿವೆ. ಅದರ ಹಿಂದೆಯೇ ಕಷ್ಟಕ್ಕೆ ಜಗ್ಗದೆ ಹೊಂದಿಕೊಳ್ಳುವ ಗುಣ. ಓದಿದಾಗ ನನ್ನ ಕಣ್ಣೆದುರು ಬಂದದ್ದು ಮದ್ದಿನ ಪಟ್ಟಿಯ ಆ ಮೂರನೆಯ ಕಾಲಂ.

ಎಲ್ಲವನ್ನೂ ಹೀಗೆ ಹೊತ್ತೊಯ್ಯಲು ಆಗುವುದಿಲ್ಲ, ಅದನ್ನೂ ಹೇಳಬೇಕು. ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಲು ಕಲಿತವರೇ ಬೇಕು. ಎಕ್ಸೆಲ್ ಬಾರದಿದ್ದರೆ ಬಾರದು ಎಂದೇ ಬರೆಯಬೇಕು. ನಾನು ಸೇರಿದ ಮೇಲೆ ಮೂರು ತಿಂಗಳು ರಾತ್ರಿ ಕೂತು ಕಲಿತೆ.

ನಮ್ಮ ಕಡೆಯವರಲ್ಲಿ ನಾನು ಪದೇ ಪದೇ ಕಾಣುವ ತೊಂದರೆಯೇ ಬೇರೆ. ನಮಗೆ "ನಾನು" ಎನ್ನಲು ನಾಚಿಕೆ. "ನಾವೆಲ್ಲ ಸೇರಿ ಮಾಡಿದ್ದು ಸರ್" ಎನ್ನುತ್ತಾರೆ. ಹಾಗೆ ಹೇಳುವುದು ವಿನಯ, ಮನೆಯಲ್ಲಿ ಕಲಿಸಿದ್ದೇ ಅದು. ಆದರೆ ಎದುರು ಕೂತವಳಿಗೆ ಆ "ನಾವು" ಒಳಗೆ ಇವಳು ಎಲ್ಲಿದ್ದಳು ಎಂದು ತಿಳಿಯುವುದಿಲ್ಲ. ಹಾಗಾಗಿ ನಾನು ಬಿಡದೆ ಕೇಳುತ್ತೇನೆ: ಸರಿ, ಅದರಲ್ಲಿ ನಿಮ್ಮ ಕೈಯಲ್ಲಿ ಏನಿತ್ತು? ಎಲ್ಲಿ ಎಡವಿತು? ಆಗ ಏನು ಮಾಡಿದಿರಿ? ಇನ್ನೊಂದು, ಮಲಯಾಳ "ಅಷ್ಟು ಸರಿ ಬರುವುದಿಲ್ಲ" ಎಂದು ತಲೆ ತಗ್ಗಿಸುವುದು. ಕನ್ನಡ, ತುಳು ಎರಡೂ ಬಂದು ಮಲಯಾಳ ಅರ್ಥವಾಗುವವಳು ನಮ್ಮ ಕೌಂಟರಿನಲ್ಲಿ ಎಷ್ಟು ಬೆಲೆಯುಳ್ಳವಳು ಎಂದು ನಾನು ದಿನಾ ನೋಡುತ್ತೇನೆ.

ಪಕ್ಕದ ಮನೆಯ ಹುಡುಗಿಯನ್ನೂ ಹಾಗೆಯೇ ಕೆದಕಿದೆ. ಹೈಸ್ಕೂಲಿನಲ್ಲಿ ಕಲೋತ್ಸವಕ್ಕೆ (ಶಾಲೆಗಳ ಕಲಾಸ್ಪರ್ಧೆ) ಯಕ್ಷಗಾನ ತಂಡ ಹೋದಾಗ ಚೌಕಿ, ಅಂದರೆ ವೇಷ ಕಟ್ಟುವ ಕೋಣೆ, ನೋಡಿಕೊಂಡದ್ದು ಇವಳಂತೆ. "ಅದೆಂತ ಕೆಲಸವಾ ಅಕ್ಕ?" ಅಂದಳು. ಹೇಳು ಎಂದೆ. "ಬಣ್ಣದ ವೇಷಕ್ಕೆ, ಅಂದರೆ ರಕ್ಕಸನ ಪಾತ್ರಕ್ಕೆ, ಮುಖದಲ್ಲಿ ಅಕ್ಕಿಹಿಟ್ಟಿನ ಚುಟ್ಟಿ ಇಡಲು ತುಂಬ ಹೊತ್ತು ಬೇಕು, ಆದ್ದರಿಂದ ಅವನನ್ನು ಎಲ್ಲರಿಗಿಂತ ಮೊದಲು ಕೂರಿಸಿದೆ, ಸ್ತ್ರೀವೇಷ ಕೊನೆಗೆ. ನಮ್ಮ ಸರದಿ ನಾಲ್ಕು ಗಂಟೆ ತಡವಾಯಿತು. ಕಿರೀಟ ಕಟ್ಟಿ ಕೂತರೆ ತಲೆ ನೋಯುತ್ತದೆಂದು ಎರಡು ತಂಡ ಬಾಕಿ ಇರುವವರೆಗೆ ಕಟ್ಟಿಸಲಿಲ್ಲ. ಯಾವ ತಂಡ ವೇದಿಕೆಯಲ್ಲಿದೆ ಎಂದು ತಿಳಿಸಲು ಒಬ್ಬ ಹುಡುಗನನ್ನು ಓಡಾಡಿಸಿದೆ" ಎಂದಳು.

ಇಷ್ಟನ್ನೂ ಹಾಗೆಯೇ ಬರೆಯಿಸಿದೆ. ಅಪ್ಪನ ಅಡಿಕೆ ಲೆಕ್ಕವನ್ನೂ ಸೇರಿಸಿದೆವು: ಚಾಲಿ, ಪಟೋರ, ಉಳ್ಳಿ ಎಂಬ ಅಡಿಕೆಯ ದರ್ಜೆಗಳನ್ನು ಬೇರೆಬೇರೆ ತೂಗಿ, ಬಂದ ಬಿಲ್ಲಿನೊಂದಿಗೆ ತಾಳೆ ನೋಡುವುದು ಮೂರು ವರ್ಷದಿಂದ ಇವಳ ಕೆಲಸ. ಹಾರ್ಡ್ ವರ್ಕಿಂಗ್ ಎಂದಿದ್ದ ಸಾಲನ್ನು ಅವಳೇ ಅಡ್ಡಗೀಟು ಎಳೆದು ತೆಗೆದಳು. ಎರಡು ಪುಟ ಒಂದೂವರೆಗೆ ಇಳಿಯಿತು.

ಸೋಮವಾರ ಅವಳ ಸಂದರ್ಶನ. ಕುಂಬಳೆಯಿಂದ ಬೆಳಗಿನ ರೈಲಿಗೆ ನಾವಿಬ್ಬರೂ ಒಟ್ಟಿಗೆ ಹೊರಡುವುದು. ಅಡಿಕೆಯ ಲೆಕ್ಕದ ಪುಸ್ತಕ ಚೀಲದಲ್ಲಿ ಇಟ್ಟುಕೋ ಎಂದಿದ್ದೇನೆ.